ಕುಂಕುಮದಡಿಯ ಎರಡು ಅಕ್ಷರ

ಆ ಪೆಟ್ಟಿಗೆಯನ್ನು ಹೊರಗಿನವರು ಯಾರೂ ಹುಡುಕಲಾರರು ಎಂದು ಧಣಿಗಳ ಮುಂದೆ ಜಂಬ ಕೊಚ್ಚಿಕೊಂಡವಳು ನಾನೇ. ಹತ್ತು ದಿನ ಕಳೆಯುವಷ್ಟರಲ್ಲಿ ಅದನ್ನು ಹೊರಗಿನಿಂದ ಹುಡುಕುವ ಕೆಲಸವೂ ನನ್ನ ಕೊರಳಿಗೇ ಬಿತ್ತು.

ಧಣಿಗಳಿಗೆ ಫೋರ್ಟಿನಲ್ಲಿ ಎರಡು, ಅಂಧೇರಿಯಲ್ಲಿ ಒಂದು ಉಡುಪಿ ಹೋಟೆಲು. ಮೂರಕ್ಕೂ ಇಡ್ಲಿ, ದೋಸೆಯ ಹಿಟ್ಟು ಜೋಗೇಶ್ವರಿಯ ಒಂದು ಗಾಳಾದಿಂದ ಬರುತ್ತದೆ. ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡಿಗೆ ಇಲ್ಲಿ ಗಾಳಾ ಎನ್ನುತ್ತಾರೆ. ಒಳಗೆ ನಾಲ್ಕು ಗ್ರೈಂಡರು, ಒಂದು ಕೋಲ್ಡ್ ರೂಮು. ಕೋಲ್ಡ್ ರೂಮಿನ ಹೊರಗೋಡೆಯ ಮೇಲೆ ಅಂಗೈಯಗಲದ ಕಪ್ಪು ಪೆಟ್ಟಿಗೆ. ಹತ್ತು ನಿಮಿಷಕ್ಕೊಮ್ಮೆ ಕೋಣೆಯೊಳಗಿನ ಉಷ್ಣತೆಯನ್ನು, ಕರೆಂಟು ಹೋಗಿ ಬಂದರೆ ಆ ಹೊತ್ತನ್ನು ಬರೆದಿಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಅದರ ಹೊಟ್ಟೆಯಲ್ಲಿ ಹದಿನಾಲ್ಕು ದಿನದ ದಾಖಲೆ ಹಿಡಿಯುತ್ತದೆ. ಹದಿನೈದನೆಯ ದಿನ ಬಂದರೆ ಮೊದಲ ದಿನದ್ದನ್ನು ಅಳಿಸಿ ಅದರ ಮೇಲೆಯೇ ಬರೆಯುತ್ತದೆ.

ಅಲ್ಲಿಯ ವೈರು, ರೌಟರು, ಕಂಪ್ಯೂಟರುಗಳ ಉಸಾಬರಿ ನನ್ನದು. ಒಂದು ಭಾನುವಾರ ಗಾಳಾಕ್ಕೆ ಹೊಸ ಫೈಬರ್ ಲೈನು ಬಂತು. ಗಾಳಾದ ಉಸ್ತುವಾರಿ ನೋಡುವ ಅಕ್ಕ ಒಂದು ಗಂಟೆಗೇ ಬೀಗ ಹಾಕಿ ಮನೆಗೆ ಹೋಗಿದ್ದರು. ವಾಚ್‌ಮನ್ ಬಾಗಿಲು ತೆಗೆದ. ಬೋರ್ಡಿನಲ್ಲಿ ‘ಆಫೀಸ್’ ಎಂದು ಬರೆದಿದ್ದ ಸ್ವಿಚ್ಚು ಇಳಿಸಿ, ಹೊಸ ರೌಟರು ಕೂರಿಸಿ, ಸ್ವಿಚ್ಚು ಏರಿಸಿದೆ. ದೀಪಗಳೆಲ್ಲ ಹಸಿರಾದವು. ಪೆಟ್ಟಿಗೆಗೆ ಸಿಕ್ಕಿದ ಹೊಸ ಇಂಟರ್ನೆಟ್ ವಿಳಾಸವನ್ನು, ಎಂದರೆ ಹೊರಗಿನಿಂದ ಅದನ್ನು ತಲುಪುವ ನಂಬರನ್ನು, ಒಂದು ಚೀಟಿಯಲ್ಲಿ ಬರೆದು, ರೌಟರು ಕೂರಿಸಿದ ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಿದೆ. ಮುಂದಿನ ಸಲ ಬಂದಾಗ ನಕಲು ಮಾಡಿಕೊಂಡು ಹೋಗಿ ಫೋರ್ಟಿನ ಆಫೀಸಿನ ಕಂಪ್ಯೂಟರಿಗೆ ಹಾಕಿದರಾಯಿತು ಅಂದುಕೊಂಡೆ. ಚೀಟಿಯ ಫೋಟೋ ತೆಗೆಯಲಿಲ್ಲ. ನಾಲ್ಕು ಗಂಟೆಗೆ ಚೆಂಬೂರಿನ ಮನೆಯಲ್ಲಿ ಚಹಾ ಕುಡಿಯುತ್ತ ಧಣಿಗಳಿಗೆ ಫೋನಿನಲ್ಲೇ ಜಂಬ ಕೊಚ್ಚಿದ್ದು. ಹಳೆಯ ಲೈನಿನಲ್ಲಿ ಇನ್ನೂರೈವತ್ತನಾಲ್ಕು ಬಾಗಿಲುಗಳ ಒಂದು ಬಿಲ್ಡಿಂಗ್ ಇದ್ದ ಹಾಗೆ, ಯಾವನಾದರೂ ಒಂದೊಂದಾಗಿ ತಟ್ಟಿದರೆ ಒಂದು ನಿಮಿಷದಲ್ಲಿ ಸಿಕ್ಕಿಬಿಡುತ್ತಿತ್ತು. ಹೊಸ ಲೈನಿನಲ್ಲಿ ಕೋಟಿ ವರ್ಷ ತಟ್ಟಿದರೂ ಸಿಕ್ಕುವುದಿಲ್ಲ ಅಂತ. ರೌಟರಿನ ಒಳಗೆ ಹೊರಗಿನಿಂದ ಯಾರೂ ಇಣುಕದ ಹಾಗೆ ಅದನ್ನೂ ಮುಚ್ಚಿದ್ದೇನೆ ಅಂತ.

ಸೋಮವಾರ ಬೆಳಿಗ್ಗೆ ಐದಕ್ಕೆ ಟೆಂಪೋದವರು ಎಂದಿನಂತೆ ಹಿಟ್ಟಿನ ಡಬ್ಬ ಏರಿಸಿಕೊಂಡು ಹೋದರು. ಕೋಲ್ಡ್ ರೂಮಿನ ಉಷ್ಣತೆಯ ಮೀಟರ್ ನೋಡುವುದು ಅವರ ಕೆಲಸವಲ್ಲ. ಆರಕ್ಕೆ ಅಕ್ಕ ಬಂದು ನೋಡಿದರೆ ಕಂಪ್ರೆಸರ್ ನಿಂತಿದೆ, ಕೋಲ್ಡ್ ರೂಮಿನಲ್ಲಿ ಹತ್ತೊಂಬತ್ತು ಡಿಗ್ರಿ. ಹಸಿರು ಬಟನ್ ಒತ್ತಿ ಅದನ್ನು ಚಾಲೂ ಮಾಡಿ, ಹಿಟ್ಟು ಬಳಸಬೇಡಿ ಎಂದು ಮೂರೂ ಕಡೆ ಫೋನ್ ಮಾಡುವಷ್ಟರಲ್ಲಿ ಒಂದು ಕಡೆ ಬಡಿಸಿಯಾಗಿತ್ತು. ಕೆಲವು ಗಿರಾಕಿಗಳ ಹೊಟ್ಟೆ ಕೆಟ್ಟಿತು, ದೂರು ಹೋಯಿತು. ಮಂಗಳವಾರ ಅಧಿಕಾರಿಗಳು ಬಂದು ಗಾಳಾಕ್ಕೆ ಸೀಲ್ ಹಾಕಿದರು. ಒಳಗಿರುವ ಮಾದರಿಗಳು ಕೆಡದಿರಲಿ ಎಂದು ಕರೆಂಟು ಮಾತ್ರ ಬಿಟ್ಟುಹೋದರು. ವಿಚಾರಣೆಗೆ ಮುಂದಿನ ಸೋಮವಾರ ಬಿಟ್ಟು ಅದರ ಮರುವಾರದ ಸೋಮವಾರ ಗೊತ್ತಾಯಿತು. ಇದಿಷ್ಟೂ ನನಗೆ ತಿಳಿದದ್ದು ಮುಂದಿನ ವಾರದ ಬುಧವಾರ, ಧಣಿಗಳು ಕರೆಸಿಕೊಂಡಾಗ.

ಫೋರ್ಟಿನ ಹೋಟೆಲಿನ ಮಾಳಿಗೆಯ ಮೇಲೆ ಅವರ ಆಫೀಸು. ಕೆಳಗೆ ಮಧ್ಯಾಹ್ನದ ಗಲಾಟೆ, ಮೇಲೆ ಧಣಿಗಳು ಊಟ ಬಿಟ್ಟು ಕೂತಿದ್ದರು.

“ನೋಡಿಯಮ್ಮ, ನನ್ಗೆ ಆ ಉಸ್ತುವಾರಿಯವಳ ಮೇಲೆ ದ್ವೇಷ ಇಲ್ಲ. ಹತ್ತೊಂಬತ್ತು ವರ್ಷದಿಂದ ಉಂಟು ನನ್ನ ಹತ್ರ. ಆದ್ರೆ ಶುರು ಮಾಡುವ ಬಟನ್ ಒತ್ತಿದ್ದು ಅವಳೇ ಅಂತೆ, ಹಾಗಾದ್ರೆ ಬಂದ್ ಮಾಡಿ ಹೋದದ್ದು ಯಾರು? ಭಾನುವಾರ ಕಡೆಗೆ ಹೊರಟವಳೂ ಅವಳೇ ಅಲ್ವಾ?”

“ಅವರೇನಂತಾರೆ?”

“ಒಂದು ಗಂಟೆಗೆ ನಾಲ್ಕು ಡಿಗ್ರಿ ಇತ್ತು, ರಿಜಿಸ್ಟರಲ್ಲಿ ಬರ್ದಿದ್ದೇನೆ ಅಂತಾಳೆ. ರಿಜಿಸ್ಟರ್ ಸೀಲಿನ ಒಳಗುಂಟು. ಅದೂ ಅವಳದ್ದೇ ಕೈಬರಹ, ಯಾವಾಗ ಬೇಕಾದ್ರೂ ಬರೀಬಹುದು ಅಂತಾರೆ ವಕೀಲ್ರು. ಶನಿವಾರ ಉತ್ತರ ತಯಾರಾಗ್ಬೇಕು. ತಪ್ಪು ಯಾರದ್ದೂಂತ ಒಬ್ರ ಹೆಸ್ರು ಬೇಕಂತೆ ಅಧಿಕಾರಿಗಳಿಗೆ. ನಿಮ್ಮ ಆ ಪೆಟ್ಟಿಗೆ ಸತ್ಯ ಹೇಳ್ತದಾ?”

ಹೇಳುತ್ತದೆ, ಆದರೆ ಬರುವ ಭಾನುವಾರ ಮಧ್ಯಾಹ್ನದವರೆಗೆ ಮಾತ್ರ ಎಂದೆ. ಆಮೇಲೆ ಅಳಿಸಿಹೋಗುತ್ತದೆ. ಸೀಲು ತೆಗೆಸುವುದಕ್ಕೆ ಅವರು ಆಗಲೇ ಪ್ರಯತ್ನ ಮಾಡಿದ್ದರು. ವಿಚಾರಣೆ ಮುಗಿಯುವ ತನಕ ಆಗುವುದಿಲ್ಲ ಎಂಬ ಉತ್ತರ ಬಂದಿತ್ತು. ಉಳಿದದ್ದು ಹೊರಗಿನಿಂದ ಓದುವ ದಾರಿ. ಅದಕ್ಕೆ ವಿಳಾಸ ಬೇಕು. ವಿಳಾಸ ಕಪಾಟಿನ ಬಾಗಿಲಿನ ಒಳಗಿತ್ತು.

“ನೆನಪಿಲ್ವಾ ನಿಮ್ಗೆ?”

“ಮೂವತ್ತೆರಡು ಅಕ್ಷರ ಧಣಿ. ಮೊದಲ ಹದಿನಾರು ಲೈನ್ ಕೊಟ್ಟವರ ಕಾಗದದಲ್ಲಿದೆ. ಕೊನೆಯ ಹದಿನಾರು ಆ ಪೆಟ್ಟಿಗೆಯದ್ದು, ಅದು ಗೊತ್ತಿಲ್ಲ.”

“ಒಂದೊಂದಾಗಿ ಹಾಕಿ ನೋಡಿಯಮ್ಮ. ಕಂಪ್ಯೂಟರ್ ಅಲ್ವಾ? ಬೇಕಾದ್ರೆ ಇನ್ನು ನಾಲ್ಕು ಕಂಪ್ಯೂಟರ್ ತರಿಸ್ತೇನೆ.”

ಅವರೆದುರೇ ಲೆಕ್ಕ ಮಾಡಿ ತೋರಿಸಿದೆ. ಒಂದೊಂದು ಜಾಗದಲ್ಲೂ ಸೊನ್ನೆಯಿಂದ ಒಂಬತ್ತು, ಇಂಗ್ಲಿಷಿನ ಎ ಯಿಂದ ಎಫ್, ಹೀಗೆ ಹದಿನಾರು ಬಗೆಯ ಅಕ್ಷರ ಕೂರಬಹುದು. ಅಂಥ ಹದಿನಾರು ಜಾಗ. ಗುಣಿಸುತ್ತ ಹೋದರೆ ಎರಡರ ಮುಂದೆ ಹತ್ತೊಂಬತ್ತು ಸೊನ್ನೆಯ ಹತ್ತಿರ ಬರುತ್ತದೆ. ಸೆಕೆಂಡಿಗೆ ಸಾವಿರ ವಿಳಾಸ ತಟ್ಟಿದರೂ ಎಲ್ಲ ಮುಗಿಯಲು ಐವತ್ತೆಂಟು ಕೋಟಿ ವರ್ಷ. ನಾಲ್ಕು ಕಂಪ್ಯೂಟರಲ್ಲ, ನಾಲ್ಕು ಲಕ್ಷ ತಂದರೂ ಸಾವಿರದ ನಾನೂರು ವರ್ಷದ ಮೇಲಾಗುತ್ತದೆ. ಧಣಿಗಳು ಕಾಗದವನ್ನು ತಿರುಗಿಸಿ ಇನ್ನೊಮ್ಮೆ ಸೊನ್ನೆ ಎಣಿಸಿದರು.

“ಹಾಗಾದ್ರೆ ಆಗುದಿಲ್ಲ ಅಂತಲೇ?”

“ಶನಿವಾರದವರೆಗೆ ಅವರ ಹೆಸರು ಬರೆಯಬೇಡಿ” ಎಂದಷ್ಟೇ ಹೇಳಿ ಎದ್ದೆ. ಆಗುತ್ತದೆ ಎಂದು ಹೇಳುವ ಧೈರ್ಯವಿರಲಿಲ್ಲ. ಆಗುವುದಿಲ್ಲ ಎನ್ನುವುದಕ್ಕೆ ಮನಸ್ಸೂ ಒಪ್ಪಲಿಲ್ಲ. ಚೀಟಿ ಅಂಟಿಸಿ ಬಂದ ಸೋಮಾರಿತನಕ್ಕೆ ಅಕ್ಕನ ಹತ್ತೊಂಬತ್ತು ವರ್ಷ ಹೋಗುವುದೆಂದರೆ ನನಗೆ ನನ್ನ ಮೇಲೇ ಕೆಟ್ಟ ಸಿಟ್ಟು ಬಂದಿತ್ತು.

ಗುರುವಾರ ಬೆಳಿಗ್ಗೆ ಚೆಂಬೂರಿನ ನನ್ನ ಕೆಲಸದ ಮೇಜಿನಿಂದ ಶುರುಮಾಡಿದೆ. ಗಾಳಾದ ರೌಟರು ಜೀವಂತವಾಗಿತ್ತು, ಕರೆದರೆ ಓಗೊಡುತ್ತಿತ್ತು. ಅದರ ಹಿಂದೆ ಪೆಟ್ಟಿಗೆಗೆ ಹೋಗುವ ಒಂದು ಕಿಂಡಿಯನ್ನು ನಾನೇ ತೆರೆದಿಟ್ಟಿದ್ದೆ. ಯಾವ ವಿಳಾಸಕ್ಕೆ ಎಂಬುದಷ್ಟೇ ಗೊತ್ತಿಲ್ಲ. ಮನುಷ್ಯರು ಕೈಯಿಂದ ಕೊಡುವ ವಿಳಾಸಗಳು ಸಾಮಾನ್ಯವಾಗಿ ಸಣ್ಣ ಸಂಖ್ಯೆಗಳು: ಒಂದು, ಎರಡು, ಹತ್ತು, ನೂರು. ನಾನು ಕೈಯಿಂದ ಕೊಟ್ಟಿರಲಿಲ್ಲ, ಪೆಟ್ಟಿಗೆ ತಾನೇ ಆರಿಸಿಕೊಂಡಿತ್ತು. ಆದರೂ ಮೊದಲ ಅರವತ್ತೈದು ಸಾವಿರ ನೋಡಿಬಿಡೋಣ ಎಂದು ಪ್ರೋಗ್ರಾಂ ಬರೆದು ಬಿಟ್ಟೆ. ಒಂದಕ್ಕೆ ರೌಟರೇ ಉತ್ತರ ಕೊಟ್ಟಿತು. ಬೇರೆ ಯಾವುದೂ ಇಲ್ಲ.

ಆಮೇಲೆ ನಾನು ಮಾಡಿದ್ದು ಶುದ್ಧ ಹಟದ ಕೆಲಸ. ಐವತ್ತೆಂಟು ಕೋಟಿ ವರ್ಷದ ಲೆಕ್ಕ ನಾನೇ ಮಾಡಿ ತೋರಿಸಿದ್ದರೂ, ಅದೃಷ್ಟವಿದ್ದರೆ ಸಿಕ್ಕೀತು ಎಂದು ಸೆಕೆಂಡಿಗೆ ಸಾವಿರದಂತೆ ಎಲ್ಲೆಂದರಲ್ಲಿ ತಟ್ಟಲು ಬಿಟ್ಟೆ. ಲಾಟರಿ ಟಿಕೆಟ್ ಕೊಳ್ಳುವವರನ್ನು ಬೈಯುವ ಹಕ್ಕು ನನಗೆ ಅವತ್ತಿನಿಂದ ಇಲ್ಲ.

ಐದು ನಿಮಿಷಕ್ಕೆ ರೌಟರು ಉತ್ತರ ಕೊಡುವುದನ್ನು ನಿಲ್ಲಿಸಿತು.

ಕಾರಣ ಆಮೇಲೆ ಹೊಳೆಯಿತು. ಒಂದೊಂದು ವಿಳಾಸ ಕೇಳಿದಾಗಲೂ ರೌಟರು ಒಳಗೆ ‘ಇಂಥವರು ಇದ್ದೀರಾ’ ಎಂದು ಕೂಗಿ, ಉತ್ತರ ಬರಲಿ ಎಂದು ಆ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆದುಕೊಂಡು ಕಾಯುತ್ತದೆ. ಅಗ್ಗದ ರೌಟರಿನ ಪಟ್ಟಿ ಚಿಕ್ಕದು. ಇಲ್ಲದವರ ಹೆಸರುಗಳಿಂದಲೇ ನಾನು ಅದನ್ನು ತುಂಬಿಸಿಬಿಟ್ಟಿದ್ದೆ. ಅದೇನಾದರೂ ಪೂರ್ತಿ ಮಲಗಿದ್ದರೆ, ಎಬ್ಬಿಸಲು ಸೀಲಿನೊಳಗೆ ಯಾರೂ ಹೋಗುವ ಹಾಗಿಲ್ಲ. ಇದ್ದ ಒಂದು ದಾರಿಯನ್ನೂ ನಾನೇ ಮುಚ್ಚಿದ ಹಾಗೆ. ಪ್ರೋಗ್ರಾಂ ನಿಲ್ಲಿಸಿ ಕೈಕಟ್ಟಿ ಕೂತೆ. ನಲವತ್ತು ನಿಮಿಷ. ಆ ನಲವತ್ತು ನಿಮಿಷದಲ್ಲಿ ನನಗೆ ಗೊತ್ತಿರುವ ದೇವರನ್ನೆಲ್ಲ ನೆನೆದೆ. ಕಡೆಗೆ ರೌಟರು ಓಗೊಟ್ಟಿತು.

ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು ಇನ್ನು ತಟ್ಟುವ ಹಾಗಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಹಾಗೆಂದರೆ ಐವತ್ತೆಂಟು ಕೋಟಿಯ ಮುಂದೆ ಇನ್ನೆರಡು ಸೊನ್ನೆ. ಪ್ರೋಗ್ರಾಮನ್ನು ಮುಚ್ಚಿದೆ. ಊಹಿಸುವುದನ್ನು ಬಿಟ್ಟು, ಆ ಪೆಟ್ಟಿಗೆ ಯಾವ ಬುದ್ಧಿಯಿಂದ ವಿಳಾಸ ಆರಿಸಿಕೊಂಡಿತು ಎಂದು ನೋಡಬೇಕಿತ್ತು.

ಅದರ ಜೊತೆಗೇ ತಂದ ಅದೇ ಮಾದರಿಯ ಇನ್ನೊಂದು ಪೆಟ್ಟಿಗೆ ನನ್ನ ಅಟ್ಟದ ಮೇಲೆ ಬಿದ್ದಿತ್ತು. ಧೂಳು ಒರೆಸಿ ಮೇಜಿನ ಮೇಲೆ ಚಾಲೂ ಮಾಡಿದೆ. ಈಗಿನ ಫೋನುಗಳು ಗುರುತು ಸಿಗದಿರಲೆಂದು ಮನಸ್ಸಿಗೆ ಬಂದ ವಿಳಾಸ ಹಾಕಿಕೊಳ್ಳುತ್ತವೆ. ಇದೂ ಹಾಗೇ ಎಂದು ನಾನು ನಂಬಿದ್ದೆ. ಅಲ್ಲ. ಇದು ಹಳೆಯ ಕಾಲದ ಪ್ರಾಣಿ. ಅದರ ಮೈಮೇಲಿನ ಸ್ಟಿಕ್ಕರಿನಲ್ಲಿ ಹನ್ನೆರಡು ಅಕ್ಷರದ ಒಂದು ನಂಬರಿದೆ. ಆ ಹನ್ನೆರಡನ್ನು ಆರಾರಾಗಿ ಒಡೆದು, ನಡುವೆ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಆದ ನಾಲ್ಕು ಅಕ್ಷರ ಸೇರಿಸಿ, ಮೊದಲಲ್ಲಿ ಒಂದೇ ಒಂದು ಅಕ್ಷರವನ್ನು ಗೊತ್ತಾದ ರೀತಿಯಲ್ಲಿ ತಿದ್ದಿದರೆ, ಅದೇ ಅದರ ಹದಿನಾರು ಅಕ್ಷರದ ವಿಳಾಸ. ಕುರ್ಚಿಯಿಂದ ಎದ್ದು ಒಂದು ಸುತ್ತು ನಡೆದು ಬಂದೆ. ಕೋಟಿ ವರ್ಷದ ಜಂಬವೆಲ್ಲ ಒಂದು ಸ್ಟಿಕ್ಕರಿನ ಮೇಲೆ ಅಚ್ಚಾಗಿತ್ತು!

ಸ್ಟಿಕ್ಕರಿನ ಮೊದಲ ಆರು ಅಕ್ಷರ ತಯಾರಕರದು. ಒಟ್ಟಿಗೆ ತಂದದ್ದರಿಂದ ಎರಡಕ್ಕೂ ಒಂದೇ ಇರಬೇಕು. ಉಳಿದ ಆರು ಮಾತ್ರ ಗೊತ್ತಿಲ್ಲ. ಅಂದರೆ ಒಂದು ಕೋಟಿ ಅರವತ್ತೇಳು ಲಕ್ಷ ಚಿಲ್ಲರೆ. ಸೆಕೆಂಡಿಗೆ ಹತ್ತರಂತೆ ಹತ್ತೊಂಬತ್ತು ದಿನ. ನನ್ನ ಬಳಿ ಮೂರು ದಿನವೂ ಪೂರ್ತಿ ಇರಲಿಲ್ಲ. ಗಾಳಾದ ಪೆಟ್ಟಿಗೆಯ ಸ್ಟಿಕ್ಕರನ್ನು ಯಾರಾದರೂ ನೋಡಿದ್ದಾರೆಯೇ? ಬಿಲ್ಲಿನಲ್ಲಿ ಆ ನಂಬರಿರಲಿಲ್ಲ. ಮಾರಿದವರಿಗೆ ಫೋನ್ ಮಾಡಿದೆ, ಅವರ ಬಳಿಯೂ ಇಲ್ಲ.

ಆಗ ಕುಂಕುಮ ನೆನಪಾಯಿತು.

ಹಿಂದಿನ ತಿಂಗಳ ಆಯುಧಪೂಜೆಗೆ ಅಕ್ಕ ಗಾಳಾದ ಒಂದೊಂದು ಯಂತ್ರಕ್ಕೂ ಗಂಧ, ಕುಂಕುಮ ಹಚ್ಚಿ, ಗೊಂಡೆ ಹೂ ಇಟ್ಟು, ಒಂದೊಂದರದೂ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದರು. ಗ್ರೈಂಡರು, ತಕ್ಕಡಿ, ಟ್ಯೂಬ್‌ಲೈಟಿನ ಸ್ವಿಚ್ಚು ಕೂಡ. ನನ್ನ ಪೆಟ್ಟಿಗೆಗೂ ಪೂಜೆಯಾಗಿತ್ತು, ಸರಿಯಾಗಿ ಸ್ಟಿಕ್ಕರಿನ ಮೇಲೆ. ‘ನಂಬರ್ ಇರೋ ಜಾಗಕ್ಕೇ ಹಚ್ಚಬೇಕಾ ಅಕ್ಕ?’ ಎಂದು ನಾನು ಸಿಡುಕಿ ಉತ್ತರ ಬರೆದಿದ್ದೆ. ಫೋನಿನಲ್ಲಿ ಹುಡುಕಿದೆ. ಫೋಟೋ ಇತ್ತು, ಆದರೆ ಕಳಿಸುವಾಗ ಕುಗ್ಗಿ ಅಕ್ಷರಗಳೆಲ್ಲ ಇರುವೆಯ ಸಾಲಿನಂತಾಗಿದ್ದವು. ಮೂಲ ಫೋಟೋ ಅಕ್ಕನ ಫೋನಿನಲ್ಲಿರಬೇಕು. ನಾಲ್ಕು ಸಲ ಕರೆ ಮಾಡಿದೆ, ಎತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ಲೋಕಲ್ ಹಿಡಿದು, ವಡಾಳಾದಲ್ಲಿ ಗಾಡಿ ಬದಲಿಸಿ, ಜೋಗೇಶ್ವರಿಗೆ ಹೋದೆ. ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ, ಸಾಲು ಕೋಣೆಗಳ ಒಂದು ಚಾಳಿನಲ್ಲಿ ಅಕ್ಕನ ಮನೆ. ಐವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು, ಬೆಳ್ತಂಗಡಿ ಕಡೆಯವರು. ಬಾಗಿಲಲ್ಲೇ ನಿಂತು ಕೇಳಿದರು.

“ಧಣಿಗಳು ಕಳಿಸಿದ್ದಾ ನಿಮ್ಮನ್ನು?”

“ಇಲ್ಲ ಅಕ್ಕ. ನಾನಾಗೇ ಬಂದೆ.”

“ಹಾಗಾದ್ರೆ ಒಳಗೆ ಬನ್ನಿ. ಅವ್ರು ಕಳಿಸಿದ್ದಾದ್ರೆ ಹೊರಗೇ ಮಾತಾಡಿ ಹೋಗಿ ಅಂತ ಹೇಳ್ಲಿಕ್ಕಿತ್ತು. ಹತ್ತೊಂಬತ್ತು ವರ್ಷ ದುಡ್ದವಳನ್ನು ಮನೇಲಿ ಕೂತ್ಕೋ ಅಂತ ಫೋನಲ್ಲಿ ಹೇಳುದಾ?”

ಆಯುಧಪೂಜೆಯ ಫೋಟೋ ಬೇಕು ಎಂದಾಗ ಅವರ ಹುಬ್ಬು ಮೇಲೇರಿತು. “ಯಾಕೆ? ಅವತ್ತು ಬೈದದ್ದು ಸಾಕಾಗ್ಲಿಲ್ವಾ? ಕಪ್ಪು ಪೆಟ್ಟಿಗೆಗೆ ಕುಂಕುಮ ಹಚ್ಚಿದ್ರೆ ಕಾಣುದೇ ಇಲ್ಲ ಮಾರಾಯ್ರೆ. ಬಿಳಿ ಜಾಗ ಇದ್ದದ್ದು ಅದೊಂದೇ.”

“ತಪ್ಪಾಯ್ತು ಅಕ್ಕ. ಆ ಫೋಟೋ ಬಿಟ್ಟರೆ ಈಗ ಬೇರೆ ದಾರಿ ಇಲ್ಲ.”

ಫೋನು ಕೈಗೆ ಬಂತು. ಫೋಟೋವನ್ನು ದೊಡ್ಡದು ಮಾಡಿದೆ. ಹೂವಿನ ಎಸಳಿನ ಕೆಳಗೆ ನಂಬರಿನ ಸಾಲು. ಮೊದಲ ಆರು ನನ್ನ ಪೆಟ್ಟಿಗೆಯದ್ದೇ. ಆಮೇಲಿನ ನಾಲ್ಕು ಕಾಣುತ್ತಿದ್ದವು. ಕೊನೆಯ ಎರಡರ ಮೇಲೆ ಅಕ್ಕನ ಹೆಬ್ಬೆರಳಿನಷ್ಟು ಕುಂಕುಮ. ಎರಡು ಜಾಗ, ತಲಾ ಹದಿನಾರು ಬಗೆ: ಇನ್ನೂರೈವತ್ತಾರು. ಸೆಕೆಂಡಿಗೆ ಹತ್ತರಂತೆ ಅರ್ಧ ನಿಮಿಷವೂ ಬೇಡ. ಲ್ಯಾಪ್‌ಟಾಪ್ ತೆರೆದು ಬಿಟ್ಟೆ. ಅಕ್ಕ ಕಾಫಿಗಿಟ್ಟು ಬಂದು ಪಕ್ಕದಲ್ಲಿ ಕೂತರು.

ಇನ್ನೂರೈವತ್ತಾರೂ ಮುಗಿದವು. ಯಾವುದೂ ಓಗೊಡಲಿಲ್ಲ.

ಇನ್ನೊಮ್ಮೆ ಬಿಟ್ಟೆ. ಇಲ್ಲ. ಪೆಟ್ಟಿಗೆಯೇ ಸತ್ತಿರಬಹುದೇ, ಲೈನಿಗೆ ನಿನ್ನೆ ನಾನು ಮಾಡಿದ ಹಿಂಸೆಯಿಂದ ಏನಾದರೂ ಆಯಿತೇ ಎಂದೆಲ್ಲ ಯೋಚನೆ ಬಂತು. ನನ್ನ ಮುಖ ನೋಡಿ ಅಕ್ಕ ಕನ್ನಡಕ ಹಾಕಿಕೊಂಡು ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೇಳೆ ಚೀಲಗಳ ಮೇಲಿನ ಮಾಸಿದ ನಂಬರುಗಳನ್ನು ದಿನಾ ಓದಿ ಬರೆದುಕೊಳ್ಳುತ್ತಿದ್ದ ಕಣ್ಣು ಅವರದು.

“ನೀವು ಇಲ್ಲಿ ಎಂಟು ಅಂತ ಬರ್ಕೊಂಡಿದ್ದೀರಲ್ಲ, ಇದು ಎಂಟಲ್ಲ. ಎಡಗಡೆ ನೆಟ್ಟಗುಂಟು ನೋಡಿ. ಇದು ಇಂಗ್ಲಿಷಿನ ಬಿ.”

ತಿದ್ದಿ ಬಿಟ್ಟೆ. ಹದಿನೈದು ಸೆಕೆಂಡು ಕಳೆದಿರಬೇಕು. ಒಂದು ಸಾಲು ನಿಂತಿತು. ಪೆಟ್ಟಿಗೆಯ ಪುಟ ತೆರೆದು ಪಾಸ್‌ವರ್ಡ್ ಕೇಳಿತು; ಅದು ನನಗೆ ನೆನಪಿತ್ತು. ಬೇರೇನೂ ನೋಡದೆ ಮೊದಲು ಹದಿನಾಲ್ಕು ದಿನದ ದಾಖಲೆಯನ್ನು ಇಳಿಸಿಕೊಂಡು ಎರಡು ಕಡೆ ಪ್ರತಿ ಮಾಡಿದೆ. ಆಮೇಲೆ ಆ ಭಾನುವಾರಕ್ಕೆ ಹೋದೆ.

ಮಧ್ಯಾಹ್ನ ಒಂದು ಗಂಟೆ: ನಾಲ್ಕು ಡಿಗ್ರಿ. ಒಂದೂ ಹತ್ತು: ನಾಲ್ಕು. ಎರಡು ಗಂಟೆಗೂ ನಾಲ್ಕೇ.

ಅಕ್ಕ ಬೆರಳಿನಿಂದ ಆ ಸಾಲನ್ನು ಮುಟ್ಟಿದರು. “ನಾನು ಬರ್ದದ್ದೂ ಇದೇ” ಎಂದರು. ಹನ್ನೊಂದು ದಿನದಿಂದ ತಡೆದಿಟ್ಟ ಅಳು ಒಮ್ಮೆಲೇ ಬಂತು. ಸೆರಗಿನಿಂದ ಒರೆಸಿಕೊಂಡು, “ಮತ್ತೆ ಯಾಕೆ ನಿಂತಿತು ಅದು?” ಎಂದು ಕೇಳಿದರು.

ಕೆಳಗಿನ ಸಾಲುಗಳನ್ನು ನಾನು ಆಗಲೇ ಓದಿದ್ದೆ. ‘ಎರಡು ಇಪ್ಪತ್ತೆರಡು, ವಿದ್ಯುತ್ ಇಲ್ಲ. ಎರಡು ಮೂವತ್ತಮೂರು, ವಿದ್ಯುತ್ ಬಂದಿದೆ.’ ಅಲ್ಲಿಂದ ಉಷ್ಣತೆ ಐದು, ಆರು, ಸಂಜೆಗೆ ಹನ್ನೊಂದು, ಬೆಳಿಗ್ಗೆ ಹತ್ತೊಂಬತ್ತು. ಎರಡು ಇಪ್ಪತ್ತೆರಡಕ್ಕೆ ಆ ಬೋರ್ಡಿನ ಮುಂದೆ ನಿಂತು ‘ಆಫೀಸ್’ ಸ್ವಿಚ್ಚು ಇಳಿಸಿದವಳು ನಾನು. ಹನ್ನೊಂದು ನಿಮಿಷದ ನಂತರ ಏರಿಸಿ ಹೊರಟವಳೂ ನಾನು.

“ಅಕ್ಕ, ಕಂಪ್ರೆಸರಿಗೆ ಬೇರೆ ಸ್ವಿಚ್ಚಲ್ವಾ?”

“ದೊಡ್ಡ ವೈರು ಬೇರೆ. ಆದ್ರೆ ಹೋದ ಮಳೆಗಾಲ ರಿಪೇರಿ ಮಾಡುವಾಗ ಬಟನಿನ ಸಣ್ಣ ವೈರನ್ನು ಆಫೀಸ್ ಸ್ವಿಚ್ಚಿಗೆ ಕೊಟ್ಟಿದ್ದಾರೆ. ಕರೆಂಟ್ ಹೋಗಿ ಬಂದ್ರೆ ತಾನಾಗಿ ಶುರು ಆಗುದಿಲ್ಲ, ಹಸಿರು ಬಟನ್ ಒತ್ಲೇಬೇಕು. ಕರೆಂಟ್ ಹೋಗಿತ್ತಾ ಅವತ್ತು?”

ಇಲ್ಲಿ ಮುಚ್ಚಿಡುವುದೇಕೆ: ‘ಹೌದು, ಕರೆಂಟ್ ಹೋಗಿತ್ತು’ ಎಂದರೆ ಸಾಕು ಎಂಬ ಯೋಚನೆ ನನಗೆ ಬಂತು. ಅಕ್ಕನೂ ಉಳಿಯುತ್ತಾರೆ, ನಾನೂ ಉಳಿಯುತ್ತೇನೆ. ವೈರಿನ ಕೆಲಸದವಳು ಕೋಲ್ಡ್ ರೂಮಿಗೆ ಏನು ಮಾಡಿಯಾಳು ಎಂದು ಧಣಿಗಳಾಗಲಿ ವಾಚ್‌ಮನ್ನಾಗಲಿ ನನ್ನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆದರೆ ಪಕ್ಕದಲ್ಲಿ ಕೂತವರ ಕಣ್ಣಿನ್ನೂ ಒದ್ದೆಯಿತ್ತು.

“ಹೋಗಿರಲಿಲ್ಲ ಅಕ್ಕ. ನಾನು ತೆಗೆದೆ. ರೌಟರ್ ಹಾಕೋಕೆ. ಬಟನ್ ವಿಷಯ ನಂಗೆ ಗೊತ್ತಿರಲಿಲ್ಲ, ಯಾರನ್ನೂ ಕೇಳಲೂ ಇಲ್ಲ.”

ಒಲೆಯ ಮೇಲೆ ಕಾಫಿ ಉಕ್ಕಿತು. ಅಕ್ಕ ಎದ್ದು ಹೋಗಿ ಒಲೆ ಆರಿಸಿ, ಉಳಿದದ್ದನ್ನು ಒಂದೇ ಲೋಟಕ್ಕೆ ಬಗ್ಗಿಸಿ ನನ್ನ ಮುಂದೆ ಇಟ್ಟರು.

“ನನ್ಗೊಂದು ಫೋನ್ ಮಾಡಿದ್ರೆ ಆಗ್ತಿತ್ತು” ಎಂದರು. ಅದಕ್ಕಿಂತ ಹೆಚ್ಚು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಫೋರ್ಟಿನಲ್ಲಿ ದಾಖಲೆಯನ್ನು ಧಣಿಗಳ ಮುಂದಿಟ್ಟು, ಆ ಹನ್ನೊಂದು ನಿಮಿಷ ಯಾರದೆಂದೂ ಹೇಳಿದೆ. ವಕೀಲರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. “ನಿಮ್ಮ ಹೆಸ್ರು ಬರೀಬೇಕಾಗ್ತದಲ್ಲ” ಎಂದರು ಧಣಿಗಳು. ಬರೆಯಿರಿ, ನಾನೇ ಬರೆದು ಸಹಿ ಹಾಕುತ್ತೇನೆ ಎಂದೆ. ಅಲ್ಲೇ ಕೂತು ಬರೆದೆ. ಧಣಿಗಳು ನನ್ನೆದುರೇ ಅಕ್ಕನಿಗೆ ಫೋನ್ ಮಾಡಿ, “ನಾಳೆ ಅಲ್ಲ, ಇವತ್ತೇ ಬಾ. ನಾನು ತಪ್ಪು ಮಾತಾಡಿದೆ” ಎಂದರು. ಆ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ.

ಸೋಮವಾರದ ವಿಚಾರಣೆಯಲ್ಲಿ ನನ್ನನ್ನು ಅರ್ಧ ಗಂಟೆ ಪ್ರಶ್ನಿಸಿದರು. ಬಟನಿನ ವೈರನ್ನು ಬೇರೆ ಮಾಡಬೇಕು, ಉಷ್ಣತೆ ಏರಿದರೆ ಕೂಗುವ ಗಂಟೆ ಹಾಕಬೇಕು, ಟೆಂಪೋಗೆ ಏರಿಸುವ ಮುಂಚೆ ಮೀಟರ್ ನೋಡಬೇಕು ಎಂದು ಆದೇಶವಾಯಿತು. ಅಕ್ಕನ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ಧಣಿಗಳ ಕೆಲಸ ನನ್ನ ಕೈತಪ್ಪಿತು. ಈಗ ಅಲ್ಲಿ ಬೇರೆಯವರು ನೋಡಿಕೊಳ್ಳುತ್ತಾರೆ. ಅದರ ಬಗ್ಗೆ ದೂರುವ ಮುಖ ನನಗಿಲ್ಲ.

ಸೀಲು ತೆಗೆದ ದಿನ ಅಕ್ಕನೇ ಫೋನ್ ಮಾಡಿ ಕರೆದರು. ಹೋದೆ. ಕಪಾಟಿನ ಒಳಬಾಗಿಲಲ್ಲಿ ನನ್ನ ಚೀಟಿ ಹಾಗೇ ಇತ್ತು. ಪೆಟ್ಟಿಗೆಯ ಮೇಲೆ ಕುಂಕುಮ ಒಣಗಿ ನಿಂತಿತ್ತು. ಬಟ್ಟೆಯಿಂದ ಒರೆಸಿ, ಆ ಎರಡು ಅಕ್ಷರ ನೋಡಿ, ಚೀಟಿಗೆ ಹೋಲಿಸಿದೆ. ಸರಿಯಿತ್ತು.

ಅಷ್ಟರಲ್ಲಿ ಅಕ್ಕ ರಿಜಿಸ್ಟರನ್ನು ತಂದು ಗ್ರೈಂಡರಿನ ಪಕ್ಕದ ಕಲ್ಲಿನ ಮೇಲೆ ತೆರೆದರು. ಆ ಭಾನುವಾರದ ಪುಟ. ‘ಮಧ್ಯಾಹ್ನ ಒಂದು ಗಂಟೆ, ನಾಲ್ಕು ಡಿಗ್ರಿ’, ಪಕ್ಕದಲ್ಲಿ ಅವರ ದುಂಡನೆಯ ಸಹಿ. ಅದರ ಕೆಳಗಿನ ಸಾಲು ಖಾಲಿ.

“ಇಲ್ಲಿ ನಿಮ್ದು ಬರೀರಿ” ಎಂದು ಪೆನ್ನು ಕೊಟ್ಟರು.

ಎರಡು ಇಪ್ಪತ್ತೆರಡಕ್ಕೆ ಆಫೀಸ್ ಸ್ವಿಚ್ಚು ಇಳಿಸಿದೆ, ಎರಡು ಮೂವತ್ತಮೂರಕ್ಕೆ ಏರಿಸಿದೆ, ಹಸಿರು ಬಟನ್ ಒತ್ತಲಿಲ್ಲ ಎಂದು ಬರೆದು ಸಹಿ ಹಾಕಿದೆ. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು. ಆಮೇಲೆ ಪುಟ ತಿರುಗಿಸಿ, ಗೋಡೆಯ ಮೀಟರ್ ನೋಡಿ, ಆ ದಿನದ ನಾಲ್ಕು ಡಿಗ್ರಿಯನ್ನು ಬರೆದುಕೊಂಡರು.